ಇ-ಸಿಮ್ ಹಾಕುವ ಮುನ್ನ ಒಂದು ಮಾತು



ಕಳೆದ ತಿಂಗಳು ಮಗನಿಗೆಂದು ಹಳೆಯ ಪಿಕ್ಸೆಲ್ ಫೋನಿಗೆ ಗ್ರಾಫೀನ್ ಓಎಸ್ ಹಾಕಿದೆವು. ಗೂಗಲ್ ಸೇವೆಗಳಿಲ್ಲದೆಯೂ ನಡೆಯುವ, ಖಾಸಗಿತನಕ್ಕೆಂದೇ ರೂಪಿಸಿದ ಆಂಡ್ರಾಯ್ಡ್ ಅದು. ಆದರೆ ಇ-ಸಿಮ್ ಮಾತ್ರ ಸೇರಿಸಲಾಗಲಿಲ್ಲ. ಯಾರಾದರೂ ನೋಡಿ ಹೇಳಲಿ ಎಂದು, ಮೊಬೈಲ್ ಕಂಪನಿ ಕಳಿಸಿದ್ದ ಕ್ಯೂಆರ್ ಕೋಡಿನ ಫೋಟೊವನ್ನೇ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಮಗ ಓಡಿ ಬಂದು, "ಅಪ್ಪಾ, ಮೊದಲು ಡಿಲೀಟ್ ಮಾಡಿ!" ಎಂದ.

ಅವನದೇ ಸರಿ. ಆ ಚೌಕದಲ್ಲಿರುವುದು ಕಂಪನಿಯ ಸರ್ವರಿನ ವಿಳಾಸ ಮತ್ತು ನಿಮ್ಮ ಸಿಮ್ ಇಳಿಸಿಕೊಳ್ಳುವ ಕೋಡು. ಸಾಮಾನ್ಯವಾಗಿ ಒಂದು ಸಲ ಮಾತ್ರ ಬಳಸಬಹುದು. ಬೇರೆ ಯಾರಾದರೂ ನಿಮಗಿಂತ ಮೊದಲು ಸ್ಕ್ಯಾನ್ ಮಾಡಿದರೆ ನಿಮ್ಮ ನಂಬರು ಅವರ ಫೋನಿಗೆ ಹೋಗಬಹುದು; ಬ್ಯಾಂಕಿನ ಓಟಿಪಿಯೂ ಅದರ ಹಿಂದೆಯೇ. ನಾವು ಹೊಸ ಕೋಡು ಕೇಳಿ ಪಡೆದೆವು.

ಇ-ಸಿಮ್ ಏಕೆ ಸೇರಲಿಲ್ಲ? ಪಿಕ್ಸೆಲ್‌ನಲ್ಲಿ ಆ ಕೆಲಸ ಮಾಡುವುದು ಗೂಗಲ್‌ನದೇ ತಂತ್ರಾಂಶ. ಗ್ರಾಫೀನ್ ಅದನ್ನು ಮೊದಲಿನಿಂದಲೇ ಆಫ್ ಮಾಡಿಟ್ಟಿರುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಇ-ಸಿಮ್ ಬೆಂಬಲ ಆನ್ ಮಾಡಿ, ಸಿಮ್ ಇಳಿಸಿಕೊಂಡು, ಮತ್ತೆ ಆಫ್ ಮಾಡಿದೆವು. ಇಳಿಸಿಕೊಂಡ ಸಿಮ್ ಆಮೇಲೂ ಕೆಲಸ ಮಾಡುತ್ತದೆ.

"ಹಾಗಾದರೆ ಇನ್ನು ನಾನು ಯಾರಿಗೂ ಕಾಣೋದಿಲ್ಲವಾ?" ಮಗನ ಪ್ರಶ್ನೆ. ಇಲ್ಲಪ್ಪ, ಕಾಣುತ್ತೀ. ಸಿಮ್ ಇಳಿಸುವಾಗಲೇ ನಿನ್ನ ಫೋನಿನ ಇ-ಸಿಮ್ ಚಿಪ್ಪಿನ 32 ಅಂಕಿಯ ಗುರುತು ಸರ್ವರಿಗೆ ತಿಳಿಯುತ್ತದೆ. ನೆಟ್‌ವರ್ಕಿಗೆ 15 ಅಂಕಿಯ ಐಎಂಇಐ ಸಂಖ್ಯೆ ಗೊತ್ತು, ನೀನು ಯಾವ ಟವರಿನ ಬಳಿ ಇದ್ದೀ ಎಂಬುದೂ ಗೊತ್ತು. ಇಲ್ಲಿ ಜರ್ಮನಿಯಲ್ಲಂತೂ 2017ರ ಜುಲೈಯಿಂದ ಪ್ರೀಪೇಯ್ಡ್ ಸಿಮ್ಮಿಗೂ ಗುರುತಿನ ಚೀಟಿ ತೋರಿಸಲೇಬೇಕು. ಮುಖಕ್ಕೆ ಮುಸುಕು ಹಾಕಿಕೊಂಡು ಹೋಗಿ ಪಾಸ್‌ಪೋರ್ಟ್ ಕೊಟ್ಟ ಹಾಗೆ!

ಇಂಥ ಫೋನಿನಿಂದ ತಡೆಯಬಹುದಾದದ್ದು ಆ್ಯಪ್‌ಗಳ ಇಣುಕಾಟವನ್ನು. ಅದೇ ಸಾಕಷ್ಟು ದೊಡ್ಡದು ಎಂದು ನನಗನಿಸುತ್ತದೆ.

ರಜೆಗೆ ಊರಿಗೋ ಬೇರೆ ದೇಶಕ್ಕೋ ಹೊರಟು ಪ್ರವಾಸಿ ಇ-ಸಿಮ್ ಕೊಳ್ಳುವವರು ಇದನ್ನೂ ಗಮನಿಸಿ. ಮಾರುವವರ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್ ಕೇಳಿದರೆ ಕೊಡಬೇಡಿ. ಸಿಮ್ ಇಳಿಸಲು ಅದು ಬೇಕಾಗುವುದೇ ಇಲ್ಲ. ಎಷ್ಟೋ ಕಡೆ ವೆಬ್‌ಸೈಟಿನಲ್ಲೇ ಕೊಂಡು ಕೋಡನ್ನು ಇಮೇಲಿನಲ್ಲಿ ಪಡೆಯಬಹುದು. ಅದೇ ಫೋನಿನಲ್ಲಿ ಇಮೇಲ್ ಇದ್ದು ಸ್ಕ್ಯಾನ್ ಮಾಡಲಾಗದಿದ್ದರೆ ಕೋಡನ್ನು ಸೆಟ್ಟಿಂಗ್ಸ್‌ನಲ್ಲಿ ಟೈಪ್ ಮಾಡಿ. ನನ್ನ ಹಾಗೆ ಫೋಟೊ ತೆಗೆದು ಗುಂಪಿಗೆ ಹಾಕಬೇಡಿ. ಅತ್ತೆಯವರು ಅದಕ್ಕೂ ಹೂವಿನ ಇಮೋಜಿ ಹಾಕಿದ್ದರು.