ಹುಲ್ಲಿನ ಮೈದಾನದ ವಾಲಿಬಾಲ್: ಸಮಾಜದ ಪಂದ್ಯಾಟಕ್ಕೆ ನಿಯಮಗಳು ಹೇಗಿರಬೇಕು?

ಮಳೆಗಾಲ ಕಳೆದು ಚಳಿ ಶುರುವಾದರೆ ಸಮಾಜದ ಕ್ರೀಡಾಕೂಟಗಳ ಕಾಲ. ಜೈನ್ ಮಿಲನ್ ಶಾಖೆಯಿರಲಿ, ಊರಿನ ಯುವಕ ಸಂಘವಿರಲಿ, ಆಮಂತ್ರಣ ಪತ್ರಿಕೆಯಲ್ಲಿ ವಾಲಿಬಾಲ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಶಾಲೆಯ ಬಯಲು ಅಥವಾ ಕೊಯ್ಲು ಮುಗಿದ ಗದ್ದೆ, ಎರಡು ಕಂಬ, ಒಂದು ನೆಟ್, ಒಂದು ಚೆಂಡು ಇದ್ದರೆ ಆಟ ನಡೆಯುತ್ತದೆ. ತೊಂದರೆ ಬರುವುದು ಸಂಜೆಗೆ. ಪಂದ್ಯಗಳು ಹಿಂದೆ ಬಿದ್ದು, ಫೈನಲ್ ಹೊನಲು ಬೆಳಕಿನಲ್ಲಿ ಮುಗಿದು, ಬಹುಮಾನ ಹಂಚುವ ಹೊತ್ತಿಗೆ ಕತ್ತಲಾಗಿರುತ್ತದೆ. ರಾತ್ರಿಭೋಜನ ತ್ಯಾಗದ ನಿಯಮವಿರುವ ಆಟಗಾರ ದಿನವಿಡೀ ಆಡಿ ಹಸಿದುಕೊಂಡೇ ಮನೆಗೆ ಮರಳುತ್ತಾನೆ. ದೀಪಕ್ಕೆ ಮುತ್ತಿ ಹುಲ್ಲಿನ ಮೇಲೆ ಬಿದ್ದ ಹುಳುಗಳು ಕಾಲಡಿಗೆ ಸಿಗುತ್ತವೆ.

ಇದನ್ನು ತಪ್ಪಿಸುವ ಉಪಾಯ ಪಂದ್ಯಾಟದ ನಿಯಮಗಳಲ್ಲೇ ಇದೆ. ಒಳಾಂಗಣದ ಅಂತಾರಾಷ್ಟ್ರೀಯ ನಿಯಮವನ್ನು ಹಾಗೆಯೇ ತಂದು ಬಯಲಿಗೆ ಹಾಕುವ ಅಗತ್ಯವಿಲ್ಲ. ಬದಲಾಯಿಸಿದರೆ ಅದು ವಾಲಿಬಾಲೇ ಅಲ್ಲ ಎನ್ನುವವರು ಇದ್ದಾರೆ. 1895ರಲ್ಲಿ ಅಮೆರಿಕದ ಹೋಲಿಯೋಕ್‌ನಲ್ಲಿ ವಿಲಿಯಂ ಮಾರ್ಗನ್ ಈ ಆಟವನ್ನು ರೂಪಿಸಿದ್ದು ಬ್ಯಾಸ್ಕೆಟ್‌ಬಾಲ್ ಆಡಿದರೆ ದಣಿಯುವ ನಡುವಯಸ್ಸಿನವರಿಗಾಗಿ. ಆಗ ತಂಡದಲ್ಲಿ ಇಷ್ಟೇ ಜನ ಎಂಬ ಮಿತಿಯೂ ಇರಲಿಲ್ಲ. ಹವ್ಯಾಸಿಗಳಿಗೆಂದೇ ಹುಟ್ಟಿದ ಆಟ ಇದು. ಬದಲಾವಣೆಯನ್ನು ಮೊದಲೇ ಬರೆದು ಎಲ್ಲ ತಂಡಗಳಿಗೂ ಕೊಟ್ಟಿದ್ದರೆ ಆಯಿತು.

ಲೆಕ್ಕವನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಹಾಕಬೇಕು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಸುಮಾರು 6 ಗಂಟೆಗೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ಶ್ರಾವಕರಿಗೆ 5 ಗಂಟೆ 10 ನಿಮಿಷವೇ ಗಡಿ. ಹಾಗಾದರೆ 4.30ಕ್ಕೆ ಎಲೆ ಹಾಕಬೇಕು, 4ಕ್ಕೆ ಫೈನಲ್ ಮುಗಿಯಬೇಕು.

ಎಂಟು ತಂಡ, ಒಂದೇ ಅಂಕಣ ಎಂದಿಟ್ಟುಕೊಳ್ಳೋಣ. ನಾಕೌಟ್ ಆದರೆ ಏಳೇ ಪಂದ್ಯ, ಸಂಘಟಕರಿಗೆ ಸುಲಭ. ಆದರೆ ನಾಲ್ಕು ತಂಡಗಳು ಮೊದಲ ಪಂದ್ಯದಲ್ಲೇ ಹೊರಬೀಳುತ್ತವೆ. ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ದೂರದ ಊರಿನಿಂದ ಬಂದವರು ಇಪ್ಪತ್ತು ನಿಮಿಷ ಆಡಿ ಇಡೀ ದಿನ ಕುರ್ಚಿಯಲ್ಲಿ ಕೂರುವುದು ಸ್ನೇಹಕೂಟದ ಲಕ್ಷಣವಲ್ಲ. ನಾಲ್ಕು ತಂಡಗಳ ಎರಡು ಗುಂಪು ಮಾಡಿ ಲೀಗ್ ಆಡಿಸಿದರೆ ಪ್ರತಿ ತಂಡಕ್ಕೂ ಮೂರು ಪಂದ್ಯ ಖಚಿತ. ಒಟ್ಟು 12 ಲೀಗ್ ಪಂದ್ಯ, ಎರಡು ಸೆಮಿಫೈನಲ್, ಒಂದು ಫೈನಲ್. ಇವನ್ನೆಲ್ಲ 25 ಅಂಕಗಳ ಮೂರು ಸೆಟ್‌ಗಳಂತೆ ಆಡಿಸ ಹೊರಟರೆ ಒಂದೊಂದಕ್ಕೆ ಒಂದು ಗಂಟೆ ಹಿಡಿದರೂ 15 ಗಂಟೆ ಬೇಕು. ರಾತ್ರಿಯಾಗುವುದು ಇಲ್ಲಿಯೇ.

ಬದಲಿಗೆ ಲೀಗ್ ಪಂದ್ಯ 21 ಅಂಕಗಳ ಒಂದೇ ಸೆಟ್ ಇರಲಿ. ಎರಡು ಅಂಕಗಳ ಮುನ್ನಡೆ ಬೇಕು, ಆದರೆ 25ಕ್ಕೆ ಮೊದಲು ತಲುಪಿದವರು ಗೆದ್ದಂತೆ. 24-24 ಆದರೆ ಮುಂದಿನ ಅಂಕವೇ ಕೊನೆ. ತಂಡ ಬದಲಾಗುವ ಸಮಯವೂ ಸೇರಿ ಪಂದ್ಯಕ್ಕೆ 25 ನಿಮಿಷ ಇಟ್ಟರೆ 12 ಪಂದ್ಯಕ್ಕೆ 5 ಗಂಟೆ. ಬೆಳಿಗ್ಗೆ 8ಕ್ಕೆ ಶುರುವಾದರೆ ಮಧ್ಯಾಹ್ನ 1ಕ್ಕೆ ಲೀಗ್ ಮುಗಿಯುತ್ತದೆ. ಒಂದು ಗಂಟೆ ಊಟ, 2ರಿಂದ 3ರವರೆಗೆ ಸೆಮಿಫೈನಲ್‌ಗಳು, 3ರಿಂದ 4ರವರೆಗೆ 21, 21 ಮತ್ತು ಅಗತ್ಯ ಬಿದ್ದರೆ 15 ಅಂಕಗಳ ಫೈನಲ್. ತಂಡಗಳು 12 ಬಂದರೂ ಹೆದರಬೇಕಿಲ್ಲ: ಮೂರು ತಂಡಗಳ ನಾಲ್ಕು ಗುಂಪು ಮಾಡಿದರೆ ಲೀಗ್ ಪಂದ್ಯಗಳು ಮತ್ತೆ 12ಏ, ಗುಂಪಿನ ಪ್ರಥಮರು ನೇರ ಸೆಮಿಫೈನಲ್‌ಗೆ. ಕರೆದು ಹತ್ತು ನಿಮಿಷದಲ್ಲಿ ಅಂಕಣಕ್ಕೆ ಬಾರದ ತಂಡ ಸೋತಂತೆ ಎಂಬ ಸಾಲು ನಿಯಮದಲ್ಲಿರಲಿ. ಒಮ್ಮೆಯಾದರೂ ಅದನ್ನು ಜಾರಿಗೊಳಿಸುವ ಧೈರ್ಯವೂ ಇರಲಿ. ಗೆಲುವು ಸಮನಾದರೆ ಮೊದಲು ಪರಸ್ಪರ ಪಂದ್ಯದ ಫಲಿತಾಂಶವೋ ಅಂಕಗಳ ಅಂತರವೋ ಎಂಬುದನ್ನೂ ಮೊದಲೇ ಹೇಳಿರಬೇಕು.

ದಿನಾಂಕ ಗೊತ್ತುಮಾಡುವಾಗ ಪಂಚಾಂಗ ನೋಡಬೇಕು. ಅಷ್ಟಮಿ, ಚತುರ್ದಶಿಗಳಂದು ಉಪವಾಸ ಅಥವಾ ಏಕಾಶನ ಮಾಡುವವರು ಆಟದಿಂದ ಹೊರಗುಳಿಯುತ್ತಾರೆ. ಚಾತುರ್ಮಾಸದಲ್ಲಿ ಹುಲ್ಲು ಹಸಿಯಾಗಿ, ನೆಲದ ತುಂಬ ಜೀವಿಗಳಿರುವಾಗ ಮೈದಾನದ ಪಂದ್ಯಾಟ ಇಟ್ಟುಕೊಳ್ಳದಿರುವುದೇ ಸರಿ. ಉಳಿದ ಕಾಲದಲ್ಲಿ ಹುಲ್ಲನ್ನು ತುಳಿಯಬಹುದೇ ಎಂಬ ಪ್ರಶ್ನೆ ಬರುತ್ತದೆ. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಸಸ್ಯ ಕೀಳುವುದನ್ನು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಒಂದಾದ ಪ್ರಮಾದಚರ್ಯೆ ಎಂದು ಹೆಸರಿಸಿದೆ. ಆಟವೇ ಅನರ್ಥ ಎನ್ನುವ ಕಟ್ಟುನಿಟ್ಟಿನವರೂ ಇದ್ದಾರೆ. ಆಡುವುದೇ ಆದರೆ ಹಾನಿ ಕಡಿಮೆ ಮಾಡುವುದು ಸಂಘಟಕರ ಕೈಯಲ್ಲಿದೆ.

ಹಿಂದಿನ ದಿನ ಇಬ್ಬರು ಬಯಲನ್ನು ನಿಧಾನವಾಗಿ ನಡೆದು ನೋಡಲಿ. ಇರುವೆ ಗೂಡು ಕಂಡರೆ ಪುಡಿ ಎರಚುವ ಬದಲು ಅಂಕಣವನ್ನೇ ನಾಲ್ಕು ಮೀಟರ್ ಸರಿಸಬಹುದು. ಆರು ಜನರ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ, ಸುತ್ತ ಕನಿಷ್ಠ 3 ಮೀಟರ್ ಖಾಲಿ ಜಾಗ. ಗೆರೆಗೆ ಸುಣ್ಣ ಬೇಡ. ಅದು ಕಣ್ಣಿಗೆ ಬಿದ್ದರೆ ಅಪಾಯ, ಹುಳುಗಳಿಗೂ ಅಷ್ಟೆ. ಬೀಚ್ ವಾಲಿಬಾಲ್‌ನಲ್ಲಿ ಬಳಸುವಂತೆ ಬಟ್ಟೆಯ ಪಟ್ಟಿ ಬಿಗಿದರೆ ಸಾಕು, ಸಂಜೆ ಸುತ್ತಿ ಒಯ್ಯಬಹುದು. ಕಂಬ ಎಳೆದು ಕಟ್ಟಿದ ಹಗ್ಗಗಳಿಗೆ ಬಣ್ಣದ ಬಟ್ಟೆ ಸುತ್ತದಿದ್ದರೆ ಓಡುವ ಮಕ್ಕಳು ಎಡವುತ್ತಾರೆ. ಇಬ್ಬನಿ ಆರುವ ತನಕ ಹುಲ್ಲು ಜಾರುತ್ತದೆ. ಆರದಿದ್ದರೆ ಮೊದಲ ಪಂದ್ಯ ಅರ್ಧ ಗಂಟೆ ತಡವಾಗಲಿ, ಮಧ್ಯಾಹ್ನದ ಬಿಡುವಿನಲ್ಲಿ ಸರಿದೂಗಿಸಬಹುದು. ಮೊಳೆಯಿರುವ ಬೂಟು ನಿಷೇಧ. ಬರಿಗಾಲಲ್ಲಿ ಆಡುವವರ ಪಾದ ಮತ್ತು ಹುಲ್ಲಿನ ಬೇರು ಎರಡೂ ಉಳಿಯುತ್ತವೆ. ಚೆಂಡು ಚರ್ಮದ್ದಾಗಿರಬಾರದು. ನಿಯಮಪುಸ್ತಕ ಚರ್ಮಕ್ಕೂ ಕೃತಕ ಚರ್ಮಕ್ಕೂ ಅವಕಾಶ ಕೊಡುತ್ತದೆ, ಆದ್ದರಿಂದ ಕೊಳ್ಳುವಾಗ ಚೀಟಿ ಓದಬೇಕು.

ನೆಟ್‌ನ ಎತ್ತರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್, ಬಯಲು ಸಮತಟ್ಟಿಲ್ಲದ ಕಾರಣ ನಡುವೆಯೂ ಎರಡು ಬದಿಯಲ್ಲೂ ಅಳೆಯಬೇಕು. ಗಾಳಿ, ಬಿಸಿಲು ಒಂದೇ ಕಡೆಗೆ ಹೊಡೆಯುವುದರಿಂದ ಒಂದು ತಂಡ 11 ಅಂಕ ಮುಟ್ಟಿದಾಗ ಬದಿ ಬದಲಾಗಲಿ. ಸರ್ವಿಸ್ ನೆಟ್‌ಗೆ ತಾಗಿ ಆಚೆ ಬಿದ್ದರೆ ಆಟ ಮುಂದುವರಿಯುತ್ತದೆ ಎಂಬುದು, ಬ್ಲಾಕ್‌ನ ಸ್ಪರ್ಶ ಮೂರು ಹೊಡೆತಗಳಲ್ಲಿ ಸೇರದು ಎಂಬುದು ಹಳಬರಿಗೆ ಈಗಲೂ ಜಗಳದ ವಿಷಯ. ಆರು ಜನರ ಆಟದಲ್ಲಿ ಎರಡೂ ಸರಿ. ಮರದ ಕೊಂಬೆಗೆ ತಾಗಿದ ಚೆಂಡು ಔಟ್ ಎಂದು ಮೊದಲೇ ತೀರ್ಮಾನಿಸಿಬಿಡಬೇಕು.

ಮಿಶ್ರ ತಂಡಗಳಲ್ಲಿ ಹೆಣ್ಣುಮಕ್ಕಳನ್ನು ಅಂಕಣದಲ್ಲಿ ನಿಲ್ಲಿಸಿ ಚೆಂಡನ್ನೇ ಕೊಡದಿರುವುದು ಸಾಮಾನ್ಯ. ಅಮೆರಿಕದ ಮಿಶ್ರ ಪಂದ್ಯಗಳಲ್ಲಿ ಇದಕ್ಕೊಂದು ನಿಯಮವಿದೆ: ತಂಡ ಚೆಂಡನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಟ್ಟಿದರೆ ಅದರಲ್ಲೊಂದು ಸ್ಪರ್ಶ ಮಹಿಳೆಯದ್ದಾಗಿರಬೇಕು. ಇಲ್ಲಿಗೂ ಅದು ಚೆನ್ನಾಗಿ ಒಗ್ಗುತ್ತದೆ. ಎಂಟು-ಒಂಬತ್ತು ಜನರ ತಂಡವಾದರೆ ಪ್ರತಿ ರೋಟೇಷನ್‌ಗೆ ಒಬ್ಬರು ಹೊರಗೆ, ಒಬ್ಬರು ಒಳಗೆ ಎಂದು ಸರದಿ ಇಡಬಹುದು. ಆಗ ಯಾರೂ ಬರೀ ಬೆಂಚು ಕಾಯುವುದಿಲ್ಲ.

ಅತಿ ಹೆಚ್ಚು ಮನಸ್ತಾಪ ತರುವುದು ಆಟಗಾರ ಯಾರು ಎಂಬ ಪ್ರಶ್ನೆ. ಬಹುಮಾನದ ಆಸೆಗೆ ಹೊರಗಿನ ನುರಿತ ಆಟಗಾರರನ್ನು ಕರೆತಂದರೆ ಊರಿನ ಹುಡುಗ ಹೊರಗೆ ಕೂರುತ್ತಾನೆ. ಸಮಾಜದವರಿಗೆ ಮಾತ್ರವೇ, ಅಳಿಯ-ಸೊಸೆ, ಸ್ನೇಹಿತರಿಗೂ ಅವಕಾಶವಿದೆಯೇ, ಇದ್ದರೆ ಎಷ್ಟು ಮಂದಿಗೆ ಎಂಬುದನ್ನು ಪ್ರಕಟಣೆಯಲ್ಲೇ ಬರೆಯಬೇಕು. ಮೈದಾನದಲ್ಲಿ ಒಬ್ಬನನ್ನು ನಿಲ್ಲಿಸಿ ಗುರುತಿನ ಚೀಟಿ ಕೇಳುವಂತಾಗಬಾರದು.

ತೀರ್ಪುಗಾರರನ್ನು ಬಿಡುವಿನಲ್ಲಿರುವ ತಂಡವೇ ಒದಗಿಸಲಿ: ಒಬ್ಬರು ಶಿಳ್ಳೆಗೆ, ಒಬ್ಬರು ಅಂಕ ಬರೆಯಲು, ಇಬ್ಬರು ಗೆರೆಗೆ. ಅವರೊಂದಿಗೆ ಮಾತನಾಡುವ ಹಕ್ಕು ನಾಯಕನಿಗೆ ಮಾತ್ರ. ಬೆರಳಿಗೆ ತಾಗಿ ಹೊರಹೋದ ಚೆಂಡನ್ನು, ನೆಟ್ ಮುಟ್ಟಿದ್ದನ್ನು ಆಟಗಾರನೇ ಕೈಯೆತ್ತಿ ಒಪ್ಪಿಕೊಳ್ಳಬೇಕು ಎಂಬ ಸಾಲನ್ನೂ ಸೇರಿಸಬಹುದು. ಕಷಾಯಗಳಲ್ಲಿ ಕ್ರೋಧ ಎಲ್ಲರಿಗೂ ಕಾಣಿಸುತ್ತದೆ. ತಾಗಿಯೂ ತಾಗಿಲ್ಲವೆನ್ನುವ ಮಾಯೆ ತೀರ್ಪುಗಾರನ ಕಣ್ಣಿಗೆ ಬೀಳುವುದಿಲ್ಲ.

ಅಂಕಣದ ಪಕ್ಕದಲ್ಲಿ ಸೋಸಿದ ನೀರಿನ ಪಾತ್ರೆ, ತಂಡಕ್ಕೊಬ್ಬರಂತೆ ಲೋಟ ತೊಳೆಯುವವರು ಇರಲಿ. 3 ಗಂಟೆಗೆ ಸೆಮಿಫೈನಲ್‌ಗಳು ಮುಗಿದಿರದಿದ್ದರೆ ಫೈನಲ್ 21 ಅಂಕಗಳ ಒಂದೇ ಸೆಟ್ ಎಂದು ಬೆಳಿಗ್ಗೆಯೇ ನಾಯಕರೆಲ್ಲರ ಸಹಿ ಪಡೆದಿರಬೇಕು. ಆಗ ಅಡುಗೆಯವರು ಯಾರನ್ನೂ ಕೇಳದೆ 4.30ಕ್ಕೆ ಎಲೆ ಹಾಕಬಹುದು.