ಪುಸ್ತಕ ಸೇರುವುದು ಬೇರೆ, ಸಿಗುವುದು ಬೇರೆ

ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿರುವ ‘ಪುಸ್ತಕ ಮನೆ’ಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ರಾಶಿಗಳು. ಕಪಾಟು ತುಂಬಿ, ಕಪಾಟುಗಳ ನಡುವಿನ ಜಾಗವೂ ತುಂಬಿ, ನೆಲದ ಮೇಲೆಲ್ಲ ಪುಸ್ತಕದ ಒಟ್ಟಿಲು. ಬಿಚ್ಚದ ಮೂಟೆಗಳು ಬೇರೆ. ಬಸ್ ಕಂಡಕ್ಟರಾಗಿ ದುಡಿದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂರು ದಶಕ ನೌಕರಿ ಮಾಡಿದ ಈ ಮನುಷ್ಯ ಸಂಬಳದ ಹೆಚ್ಚಿನ ಪಾಲನ್ನು ಪುಸ್ತಕಕ್ಕೇ ಸುರಿದರು. ಮೈಸೂರಿನಲ್ಲಿದ್ದ ಆಸ್ತಿಯನ್ನೂ ಇದಕ್ಕಾಗಿ ಮಾರಿದರು. ಉದ್ಯಮಿ ಹರಿ ಖೋಡೆಯವರ ನೆರವಿನಿಂದ ಕಟ್ಟಡ ಎದ್ದಿತು. ಯಾರು ಬೇಕಾದರೂ ಬಂದು ಓದಬಹುದು, ಶುಲ್ಕವಿಲ್ಲ. ಸಂಗ್ರಹ 20 ಲಕ್ಷ ಮುಟ್ಟಿದೆ ಎಂಬುದು ಅಂದಾಜು. 2026ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ನಾಡಿನ ಓದುಗರೆಲ್ಲ ತಮ್ಮ ಮನೆಯವರಿಗೇ ಬಂದಷ್ಟು ಸಂತೋಷಪಟ್ಟರು.

ಅಷ್ಟು ಪುಸ್ತಕಗಳಿಗೆ ಪೂರ್ಣ ಪ್ರಮಾಣದ ಕ್ಯಾಟಲಾಗ್ ಮಾತ್ರ ಇಲ್ಲ. ಇದು ಅಂಕೇಗೌಡರ ಮೇಲಿನ ದೂರಲ್ಲ. ಒಬ್ಬ ವ್ಯಕ್ತಿ, ಒಂದು ಕುಟುಂಬ ಮಾಡಬಹುದಾದ್ದಕ್ಕಿಂತ ಎಷ್ಟೋ ಹೆಚ್ಚನ್ನು ಅವರು ಮಾಡಿ ಮುಗಿಸಿದ್ದಾರೆ. ಉಳಿದದ್ದು ಯಾರ ಕೆಲಸ ಎಂಬುದೇ ಪ್ರಶ್ನೆ.

ಲೆಕ್ಕ ಹಾಕಿ ನೋಡಿ. ಒಂದು ಪುಸ್ತಕವನ್ನು ಕೈಗೆತ್ತಿಕೊಂಡು, ದೂಳು ಒರೆಸಿ, ಹೆಸರು, ಲೇಖಕ, ಪ್ರಕಾಶಕ, ವರ್ಷ, ಪುಟ ಬರೆದುಕೊಂಡು, ವಿಷಯ ಗುರುತಿಸಿ, ಸಂಖ್ಯೆ ಕೊಟ್ಟು, ಬೆನ್ನಿಗೆ ಚೀಟಿ ಅಂಟಿಸಲು ಪಳಗಿದ ಕೈಗೂ ಹತ್ತು ನಿಮಿಷ ಬೇಕು ಎಂದಿಟ್ಟುಕೊಳ್ಳೋಣ. ದಿನಕ್ಕೆ ಏಳು ಗಂಟೆ ಕೂತರೆ 42 ಪುಸ್ತಕ. ವರ್ಷಕ್ಕೆ 250 ದಿನದ ಕೆಲಸವೆಂದರೆ 10,500. ಇಪ್ಪತ್ತು ಲಕ್ಷ ಮುಗಿಯಲು ಒಬ್ಬರಿಗೆ 190 ವರ್ಷ, ಹತ್ತು ಜನರಿಗೆ 19 ವರ್ಷ. ಪುಸ್ತಕವೊಂದರ ದಪ್ಪ ಸರಾಸರಿ ಎರಡು ಸೆಂಟಿಮೀಟರ್ ಎಂದರೂ ಅವನ್ನೆಲ್ಲ ಸಾಲಾಗಿ ನಿಲ್ಲಿಸಲು 40 ಕಿಲೋಮೀಟರ್ ಉದ್ದದ ಹಲಗೆ ಬೇಕು. ಪಾಂಡವಪುರದಿಂದ ಹೊರಟ ಸಾಲು ಮೈಸೂರು ದಾಟಿ ಹೋಗುತ್ತದೆ.

ಗ್ರಂಥಪಾಲನೆ ಎಂಬ ಕಸುಬು ನಿಜವಾಗಿ ಶುರುವಾಗುವುದು ಈ ಹತ್ತು ನಿಮಿಷಗಳಲ್ಲಿ. ಕೌಂಟರಿನ ಆಚೆ ನಿಂತವರಿಗೆ ಅದು ಕಾಣುವುದಿಲ್ಲ. ಪುಸ್ತಕ ಬಂದ ಕೂಡಲೇ ಅಕ್ಸೆಷನ್ ರಿಜಿಸ್ಟರಿನಲ್ಲಿ ಅದಕ್ಕೊಂದು ಸಂಖ್ಯೆ. ಮುಖಪುಟದ ಒಳಗೆ ಒಂದು ಮೊಹರು. ಒಳಗಿನ ಯಾವುದೋ ಗೊತ್ತುಮಾಡಿದ ಪುಟದಲ್ಲಿ ಇನ್ನೊಂದು. ಮೊದಲ ಹಾಳೆ ಹರಿದು ಮಾರಿದರೂ ಒಳಗಿನ ಮೊಹರು ಸಾಕ್ಷಿ ಹೇಳಲಿ ಎಂದು ಆ ‘ಗುಟ್ಟಿನ ಪುಟ’. ಆಮೇಲೆ ವರ್ಗೀಕರಣ, ಸೂಚೀಕರಣ. ಕಷ್ಟ ಇರುವುದು ಇವೆರಡರಲ್ಲಿ.

ನಮ್ಮ ಬಹುಪಾಲು ಗ್ರಂಥಾಲಯಗಳು ಬಳಸುವ ಡ್ಯೂಯಿ ದಶಮಾಂಶ ಪದ್ಧತಿ 1876ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಇಡೀ ವಿಭಾಗ ಮೀಸಲು. ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವುದು ‘ಇತರ ಭಾಷೆಗಳು’ ಎಂಬ ಮೂಲೆಯ 894.814. ಕಾವ್ಯವಾದರೆ ಅದರ ಮುಂದೆ 1, ನಾಟಕಕ್ಕೆ 2, ಕಾದಂಬರಿಗೆ 3. ಹೀಗಾಗಿ ಕನ್ನಡ ಪುಸ್ತಕದ ಬೆನ್ನಿನ ಚೀಟಿ ಯಾವಾಗಲೂ ಉದ್ದ. ಅದನ್ನಾದರೂ ಸಹಿಸಿಕೊಳ್ಳಬಹುದು. ಬಸವಣ್ಣನವರ ವಚನ ಸಂಪುಟವನ್ನು ಎಲ್ಲಿಡಬೇಕು? ಕಾವ್ಯವೆಂದು 894.8141ರಲ್ಲೋ, ಧರ್ಮವೆಂದು 294.5ರಲ್ಲೋ? ಪುರಂದರದಾಸರ ಕೀರ್ತನೆಗಳು ಸಾಹಿತ್ಯವೇ, ಭಕ್ತಿಯೇ, ಸ್ವರಲಿಪಿಯಿದ್ದರೆ 780ರ ಸಂಗೀತವೇ? ಮೂರಕ್ಕೂ ಸಮರ್ಥನೆ ಇದೆ, ಆದರೆ ಪ್ರತಿ ಒಂದೇ. ಒಬ್ಬ ಗ್ರಂಥಪಾಲಕರು ಒಂದು ಕಡೆ ಇಟ್ಟು, ವರ್ಗವಾಗಿ ಬಂದವರು ಇನ್ನೊಂದು ಕಡೆ ಇಟ್ಟರೆ, ಹತ್ತು ವರ್ಷದಲ್ಲಿ ವಚನಗಳು ಮೂರು ಕೋಣೆಗೆ ಹಂಚಿಹೋಗುತ್ತವೆ. ಯಾವುದೇ ಒಂದು ತೀರ್ಮಾನ ಮಾಡಿ, ಅದನ್ನು ಬರೆದಿಟ್ಟು, ಮುಂದಿನವರೂ ಅದಕ್ಕೆ ಬದ್ಧರಾಗುವಂತೆ ನೋಡಿಕೊಳ್ಳುವುದೇ ಇಲ್ಲಿನ ಕೌಶಲ.

ಲೇಖಕರ ಹೆಸರಿನದು ಇನ್ನೊಂದು ಕತೆ. ಮಾಸ್ತಿಯವರು ‘ಶ್ರೀನಿವಾಸ’, ಬೇಂದ್ರೆಯವರು ‘ಅಂಬಿಕಾತನಯದತ್ತ’, ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’. ಒಂದು ಮುದ್ರಣದಲ್ಲಿ ಕುವೆಂಪು, ಮತ್ತೊಂದರಲ್ಲಿ ಕೆ.ವಿ. ಪುಟ್ಟಪ್ಪ. ಓದುಗರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಬೀಚಿಯವರಂತೂ ಹೆಸರಿನ ಮೊದಲರ್ಧ ಕನ್ನಡದಲ್ಲಿ, ಉಳಿದದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡವರು. ಪೂರ್ತಿ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದವನಿಗೆ ಅವರ ಪುಸ್ತಕ ‘ಇಲ್ಲ’ ಎಂದೇ ಉತ್ತರ ಬಂದೀತು. ಹಲವು ಗ್ರಂಥಾಲಯಗಳ ಪಟ್ಟಿಗಳು ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಟೈಪಾಗಿದ್ದು, ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಕೋಹಾ, ಇ-ಗ್ರಂಥಾಲಯದಂಥ ತಂತ್ರಾಂಶಗಳು ಕನ್ನಡವನ್ನು ಚೆನ್ನಾಗಿಯೇ ನಿಭಾಯಿಸುತ್ತವೆ. ಆದರೆ ಬೇಂದ್ರೆ, ಅಂಬಿಕಾತನಯದತ್ತ ಇಬ್ಬರೂ ಒಬ್ಬರೇ ಎಂದು ಒಮ್ಮೆ ಯಾರಾದರೂ ಕೂತು ಜೋಡಿಸಬೇಕು.

ಗ್ರಂಥಾಲಯ ವಿಜ್ಞಾನದ ದೊಡ್ಡ ಹೆಸರು ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವಾದ ಡಿಆರ್‌ಟಿಸಿ ಸ್ಥಾಪಿಸಿದರು. 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದನ್ನು, ಪುಸ್ತಕ ಇರುವುದು ಬಳಕೆಗೆ ಎಂಬುದನ್ನು, ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಓದುಗನ ಸಮಯ ಉಳಿಸಬೇಕು ಎಂಬ ನಾಲ್ಕನೆಯದಕ್ಕೆ ಆಯವ್ಯಯದಲ್ಲಿ ಜಾಗ ಸಿಗುವುದು ಅಪರೂಪ.

ಹಣದ ಮಾತಿಗೆ ಬಂದರೆ, ಕರ್ನಾಟಕದ ಸ್ಥಿತಿ ಅನೇಕ ರಾಜ್ಯಗಳಿಗಿಂತ ಮೇಲು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಗ್ರಂಥಾಲಯದ ಒಡೆಯರೇ. ವಸೂಲಾದ ಕರ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯ ಇಲಾಖೆಗೆ ಪೂರ್ತಿ ತಲುಪುವುದಿಲ್ಲ ಎಂಬ ದೂರು ಹಳೆಯದು. ತಲುಪಿದ್ದರಲ್ಲಿ ಕನ್ನಡ ಪುಸ್ತಕಗಳ ಸಗಟು ಖರೀದಿ ನಡೆಯುತ್ತದೆ. ಸಮಿತಿ ಒಪ್ಪಿದ ಶೀರ್ಷಿಕೆಯ 300 ಪ್ರತಿಗಳನ್ನು ಇಲಾಖೆ ಕೊಳ್ಳುತ್ತದೆ ಎಂಬ ಭರವಸೆಯ ಮೇಲೆಯೇ ಎಷ್ಟೋ ಸಣ್ಣ ಪ್ರಕಾಶಕರು ಸಾವಿರ ಪ್ರತಿ ಅಚ್ಚು ಹಾಕುವ ಧೈರ್ಯ ಮಾಡಿದ್ದಾರೆ. ಈ ಯೋಜನೆ ಇಲ್ಲದಿದ್ದರೆ ಕನ್ನಡದ ಎಷ್ಟೋ ಕವನ ಸಂಕಲನ, ವಿಮರ್ಶಾ ಕೃತಿಗಳು ಹೊರಬರುತ್ತಲೇ ಇರಲಿಲ್ಲ. ಅದು ನಿಲ್ಲಕೂಡದು. ಆದರೆ ಪ್ರಕಾಶನವನ್ನು ಪೋಷಿಸುವುದು ಒಂದು ಉದ್ದೇಶ, ಓದುಗರಿಗೆ ಬೇಕಾದ್ದನ್ನು ತರುವುದು ಇನ್ನೊಂದು. ಮೇಲಿಂದ ಬಂದ ಕಟ್ಟನ್ನು ಬಿಚ್ಚಿ ಜೋಡಿಸುವುದಷ್ಟೇ ಊರಿನ ಗ್ರಂಥಪಾಲಕರ ಪಾಲಿಗೆ ಬಂದರೆ, ಎದುರಿಗೆ ಕೂತ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗಿ ಕೇಳುವ ಹೊಸ ಆವೃತ್ತಿಯನ್ನು ಆಕೆ ತಾನೇ ಕೊಳ್ಳಬೇಕಾಗುತ್ತದೆ. ಪ್ರತಿ ಶಾಖೆಗೂ ಸ್ವಂತ ಆಯ್ಕೆಗೆಂದು ಚಿಕ್ಕದಾದರೂ ಒಂದು ಮೊತ್ತ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬರುವುದಕ್ಕಿಂತ ಹೋಗುವುದು ಕಷ್ಟ. ಹರಿದದ್ದು, ಮಾಹಿತಿ ಹಳತಾದದ್ದು, ಯಾರೂ ಮುಟ್ಟದ ಹತ್ತನೆಯ ಪ್ರತಿ, ಇವನ್ನು ಹೊರಗೆ ಹಾಕದಿದ್ದರೆ ಹೊಸದಕ್ಕೆ ಜಾಗವಿಲ್ಲ. ಇದಕ್ಕೆ ಅಡ್ಡ ಬರುವುದು ಬಹುತೇಕ ಭಯ. ಪುಸ್ತಕ ಕಳೆದರೆ ಗ್ರಂಥಪಾಲಕರ ಕೈಯಿಂದಲೇ ವಸೂಲಿ ಎಂಬ ಹಳೆಯ ರೂಢಿ ಅವರನ್ನು ಕಾವಲುಗಾರರನ್ನಾಗಿ ಮಾಡಿತ್ತು. ಎಷ್ಟೋ ಶಾಲೆ-ಕಾಲೇಜುಗಳಲ್ಲಿ ಬೀರುಗಳಿಗೆ ಬೀಗ ಬಿದ್ದದ್ದು ಇದೇ ಕಾರಣಕ್ಕೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ವರ್ಷದಲ್ಲಿ ಬಳಕೆಯಾದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ ಎಂದು ಒಪ್ಪುತ್ತವೆ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದಷ್ಟೇ. ಅಪರೂಪದ ಪುಸ್ತಕ ಹೋದರೆ ವಿಚಾರಣೆ ಕಡ್ಡಾಯ. ಇದು ವಿವೇಕದ ನಿಯಮ. ಗೊತ್ತಿರುವವರು ಕಡಿಮೆ.

ಭಯ ಹೋದ ಕಡೆ ಇನ್ನೊಂದು ಅಪಾಯ ಕಾದಿರುತ್ತದೆ, ತೂಕಕ್ಕೆ ಹಾಕುವ ಅವಸರ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಅಚ್ಚಾದ ಕಳೆದ ಶತಮಾನದ ಕನ್ನಡ ಪುಸ್ತಕಗಳು ಈಗ ಹಳದಿಗಟ್ಟಿ, ಅಂಚು ಮಡಿಸಿದರೆ ಮುರಿಯುತ್ತಿವೆ. ಕಾಗದದೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಗೆದ್ದಲು, ಬೆಳ್ಳಿಹುಳು, ಸೋರುವ ಸೂರು ಉಳಿದದ್ದನ್ನು ಮುಗಿಸುತ್ತವೆ. ಇಂಥವನ್ನು ಬೈಂಡಿಂಗಿಗೆ ಕಳಿಸಿದರೆ ಅಂಚು ಕತ್ತರಿಸುವಾಗ ಅಕ್ಷರವೂ ಹೋಗುತ್ತದೆ, ಹೊಲಿಗೆ ಬಿಗಿಯಾಗಿ ಒಳಸಾಲು ಕಾಣದಾಗುತ್ತದೆ, ಮೂಲ ರಕ್ಷಾಪುಟ ಕಸಕ್ಕೆ ಬೀಳುತ್ತದೆ. ಎಸೆಯುವ ಮೊದಲು, ನಾಡಿನ ಬೇರೆಲ್ಲಾದರೂ ಇದರ ಪ್ರತಿ ಇದೆಯೇ ಎಂದು ನೋಡಬೇಕು. ನೋಡುವುದು ಎಲ್ಲಿ? ಎಲ್ಲ ಗ್ರಂಥಾಲಯಗಳ ಕನ್ನಡ ಪುಸ್ತಕಗಳಿಗೆ ಸೇರಿ ಒಂದು ಪಟ್ಟಿ ಬೇಕು. ರಾಜ್ಯ ಮನಸ್ಸು ಮಾಡಿದರೆ ಆಗಬಹುದಾದ, ಕಟ್ಟಡಕ್ಕಿಂತ ತುಂಬ ಕಡಿಮೆ ಖರ್ಚಿನ ಕೆಲಸವದು.

ಡಿಜಿಟಲ್ ಆದರೆ ಎಲ್ಲ ಸರಿಹೋದೀತು ಎಂಬ ನಂಬಿಕೆಗೂ ಇದೇ ಉತ್ತರ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿದ್ದವು. ಆದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ತೋಚಿದಂತೆ ಬರೆದಿದ್ದರಿಂದ ಹುಡುಕಿದವರ ಕೈಗೆ ಸಿಗುತ್ತಿರಲಿಲ್ಲ. ‘ಸಂಚಯ’ ಬಳಗದವರು ಆಸಕ್ತರನ್ನು ಸೇರಿಸಿಕೊಂಡು ಆ ಹೆಸರುಗಳನ್ನು ಕನ್ನಡದಲ್ಲಿ ಟೈಪ್ ಮಾಡಿಸಿದ ಮೇಲೆ ಅವು ಹೊರಬಂದವು. ಕೂತು ಟೈಪ್ ಮಾಡಿದವರು ಸಾಮಾನ್ಯ ಓದುಗರು ಎಂಬುದು ಈ ಲೇಖನದ ಮಟ್ಟಿಗೆ ಬಹಳ ಮುಖ್ಯ.

2019ರಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವು ‘ಅರಿವು ಕೇಂದ್ರ’ಗಳು. ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿದೆ, ಗೋಡೆಗೆ ಚಿತ್ರ ಬಂದಿದೆ, ಊರವರು ಪುಸ್ತಕ ಕೊಟ್ಟಿದ್ದಾರೆ. ಮೇಲ್ವಿಚಾರಕರು ಮಾತ್ರ ಸಾಮಾನ್ಯವಾಗಿ ಒಬ್ಬರೇ. ದಾನವಾಗಿ ಬಂದ ಹಳೆಯ ಗೈಡು, ಡೈರಿ, ಬಿಡಿ ಸಂಚಿಕೆಗಳನ್ನು ಬೇರ್ಪಡಿಸುವ ಹೊರೆಯೂ ಅವರ ಮೇಲೇ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮನೆಯ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಡಬೇಕೆಂದಿದ್ದರೆ ಮೊದಲು ಹೆಸರು, ಲೇಖಕ, ವರ್ಷ ಬರೆದು ಪಟ್ಟಿ ಮಾಡಿ. ಅದನ್ನು ಗ್ರಂಥಪಾಲಕರಿಗೆ ತೋರಿಸಿ, ಅವರು ಬೇಕೆಂದದ್ದನ್ನಷ್ಟೇ ಒಯ್ಯಿರಿ. 1950ಕ್ಕಿಂತ ಹಿಂದಿನ ಮುದ್ರಣ ಕಂಡರೆ ರದ್ದಿಗೆ ಹಾಕುವ ಮೊದಲು ಯಾರನ್ನಾದರೂ ಕೇಳಿ. ಕನ್ನಡದಲ್ಲಿ ಟೈಪ್ ಮಾಡಲು ಬರುತ್ತಿದ್ದರೆ, ನಿಮ್ಮೂರಿನ ಗ್ರಂಥಾಲಯಕ್ಕೆ ವಾರಕ್ಕೆರಡು ಗಂಟೆ ಕೊಡಿ. ಅವರಿಗೆ ಈಗ ಪುಸ್ತಕಕ್ಕಿಂತ ಅದರ ಅಗತ್ಯವೇ ಹೆಚ್ಚು.