ವೈಫೈ ಪೆಟ್ಟಿಗೆ ದಾರಿ ತಪ್ಪಿಸೀತು, ಎಚ್ಚರ!



ಸರ್ಕಾರ ಉತ್ಪಾದಕರಿಗೆ ಲೀಟರ್ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನ ತಮ್ಮ ಬ್ಯಾಂಕ್ ಖಾತೆಗೇ ಜಮಾ ಆಗುತ್ತದೆ. ಬಂತೋ ಇಲ್ಲವೋ ಎಂದು ಮಗನೋ ಮಗಳೋ ಮನೆಯ ವೈಫೈನಲ್ಲಿ ಮೊಬೈಲ್ ತೆರೆದು ನೋಡುತ್ತಾರೆ. ಆ ವೈಫೈ ಪೆಟ್ಟಿಗೆಯ ಹೆಸರು ರೂಟರ್. ಹಾಕಿಸಿದ ದಿನ ಬಿಟ್ಟರೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

2017ರ ಜುಲೈನಲ್ಲಿ ಬಿ.ಎಸ್.ಎನ್.ಎಲ್. ಕರ್ನಾಟಕ ವೃತ್ತದ ಸುಮಾರು 60,000 ಮೋಡೆಂಗಳು ಕುತಂತ್ರಾಂಶದ ದಾಳಿಯಿಂದ ಕೆಲಸ ನಿಲ್ಲಿಸಿದವು. ಕಾರಣ ಸಣ್ಣದು: ಮೊದಲೇ ಇದ್ದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಬದಲಿಸಿರಲಿಲ್ಲ. ಅಂದು ಮೋಡೆಂ ಕೆಟ್ಟದ್ದು ಕಣ್ಣಿಗೆ ಕಂಡಿತು. ಏನೂ ಕೆಡಿಸದೆ ಒಳಗೇ ಕುಳಿತು ದಾರಿ ತಪ್ಪಿಸುವ ಕಳ್ಳನೇ ಹೆಚ್ಚು ಅಪಾಯ. ಬ್ರೆಜಿಲ್ ದೇಶದಲ್ಲಿ 2011-12ರ ಸುಮಾರಿಗೆ 45 ಲಕ್ಷದಷ್ಟು ಮೋಡೆಂಗಳಲ್ಲಿ ಹೀಗಾಯಿತು.

ಅದು ಹೇಗೆ? ತಾವು ಬ್ಯಾಂಕಿನ ಹೆಸರು ಬರೆದರೂ ಅಂತರ್ಜಾಲಕ್ಕೆ ಬೇಕಾದದ್ದು ಅಂಕಿಗಳ ವಿಳಾಸ. ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆಯೇ ಡಿ.ಎನ್.ಎಸ್. ಯಾವ ಡಿ.ಎನ್.ಎಸ್. ಅನ್ನು ಕೇಳಬೇಕೆಂದು ಮೊಬೈಲಿಗೆ ತೋರಿಸುವುದು ರೂಟರ್. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೊರಟಿದ್ದೀರಿ, ಕವಲಿನ ಕೈಮರವನ್ನು ಯಾರೋ ರಾತ್ರಿ ತಿರುಗಿಸಿಟ್ಟಿದ್ದಾರೆ. ಗಾಡಿ ಸರಿ, ಚಾಲಕ ಸರಿ, ಸೇರುವ ಊರು ಮಾತ್ರ ಬೇರೆ. ಅಂತೆಯೇ ಬ್ಯಾಂಕಿನ ಹೆಸರು ತಪ್ಪಿಲ್ಲದೆ ಬರೆದರೂ ತೆರೆಯುವುದು ನಕಲಿ ಪುಟ.

ರೂಟರಿಗೆ ಎರಡು ಪಾಸ್‌ವರ್ಡ್‌ಗಳಿವೆ. ನೆಂಟರಿಷ್ಟರು ಕೇಳುವುದು ವೈಫೈ ಪಾಸ್‌ವರ್ಡ್. ಪೆಟ್ಟಿಗೆಯ ಒಳವ್ಯವಸ್ಥೆಯನ್ನು ತೆರೆಯುವುದು ಇನ್ನೊಂದು. ಬಹಳ ಮನೆಗಳಲ್ಲಿ ಅದೊಂದು ಇದೆಯೆಂಬುದೇ ಗೊತ್ತಿಲ್ಲ. ಸಂಪರ್ಕ ಕೊಟ್ಟವರನ್ನು ಕರೆಸಿ ತಮ್ಮ ಎದುರಿಗೇ ಅದನ್ನು ಬದಲಿಸಿ, ಬರೆದಿಡಿ. ಅಲ್ಲಿರುವ ಡಿ.ಎನ್.ಎಸ್. ಅಂಕಿಗಳು ಅವರು ಕೊಟ್ಟವೇ ಎಂದೂ ಕೇಳಿ. ಪಿನ್ ಚುಚ್ಚಿ ರೀಸೆಟ್ ಮಾಡಿದರೆ ಹಳೆಯ ಪಾಸ್‌ವರ್ಡೇ ಮರಳಿ ಬರುವುದುಂಟು; ಆಗ ಮತ್ತೆ ಬದಲಿಸಬೇಕು.

ರೂಟರ್ ಕೆಟ್ಟವರ ಕೈಗೆ ಸಿಕ್ಕಿದ್ದರೂ ಮೊಬೈಲನ್ನು ಕಾಪಾಡುವ ಉಪಾಯವಿದೆ. ಆಂಡ್ರಾಯ್ಡ್ 9 ಮತ್ತು ನಂತರದ ಮೊಬೈಲುಗಳ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೇಟ್ ಡಿ.ಎನ್.ಎಸ್.' ಇರುತ್ತದೆ. ಅದರಲ್ಲಿ 'ಆಟೋಮ್ಯಾಟಿಕ್' ಸಾಲದು, ಅದು ರೂಟರ್ ಹೇಳಿದವರನ್ನೇ ಕೇಳುತ್ತದೆ. ಸೇವೆಯ ಹೆಸರನ್ನು ನಾವೇ ಬರೆಯಬೇಕು. ಉದಾಹರಣೆಗೆ 'ಡಿಎನ್ಎಸ್ ಡಾಟ್ ಗೂಗಲ್', ಇಂಗ್ಲಿಷ್ ಅಕ್ಷರಗಳಲ್ಲಿ. ಆಗ ಮೊಬೈಲ್ ಮುಚ್ಚಿದ ಲಕೋಟೆಯಲ್ಲಿಟ್ಟಂತೆ ನೇರವಾಗಿ ಅವರನ್ನೇ ವಿಚಾರಿಸುತ್ತದೆ. ನಡುವೆ ಯಾರಾದರೂ ಅಡ್ಡ ಬಂದರೆ ನೆಟ್ ನಿಲ್ಲುತ್ತದೆ, ತಪ್ಪು ದಾರಿಗೆ ಹೋಗುವುದಿಲ್ಲ. ನಿಂತರೆ ಬೇಸರಪಡಬೇಡಿ. ಅಷ್ಟಕ್ಕೇ ಅದನ್ನು ಹಾಕಿದ್ದು.

ಇದೆಲ್ಲ ಆಗುವವರೆಗೆ ಬ್ಯಾಂಕಿನ ಕೆಲಸಕ್ಕೆ ವೈಫೈ ಆರಿಸಿ ಮೊಬೈಲ್ ಡೇಟಾ ಬಳಸಿ. ಬ್ಯಾಂಕಿನ ಪುಟ ತೆರೆಯುವಾಗ 'ಸಂಪರ್ಕ ಸುರಕ್ಷಿತವಲ್ಲ' ಎಂದು ಬಂದರೆ 'ಮುಂದುವರಿಸಿ' ಒತ್ತಲೇಬೇಡಿ. ಹಣ ಹೋಗಿದ್ದರೆ ಸಂತೆ ಮುಗಿಸಿ ಬಂದು ನೋಡೋಣ ಎನ್ನದೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.